ಊರೂರು ಸುತ್ತುವ ಕೆಲಸ, ಬ್ಯಾಗಿನಲ್ಲಿ ಎಸ್ಪ್ರೆಸ್ಸೊ: ಯಾವುದು ಕೊಳ್ಳಲಿ?

ಆಡಿಟ್ ಮೇಡಂ, ದಾವಣಗೆರೆ:

ಎಲ್ಲರಿಗೂ ನಮಸ್ಕಾರ. ಸಹಕಾರ ಸಂಘಗಳ ಲೆಕ್ಕ ತಪಾಸಣೆ ನನ್ನ ಕೆಲಸ. ತಿಂಗಳ ಅರ್ಧ ಭಾಗ ಜಗಳೂರು, ಚನ್ನಗಿರಿ, ಹೊನ್ನಾಳಿ ಅಂತ ಓಡಾಡುತ್ತೇನೆ. ಒಮ್ಮೊಮ್ಮೆ ಚಳ್ಳಕೆರೆ, ಮೊಳಕಾಲ್ಮೂರಿನವರೆಗೂ ಹೋಗಬೇಕಾಗುತ್ತದೆ. ಓಡಾಟವೆಲ್ಲ ಬಸ್ಸಿನಲ್ಲೇ. ಉಳಿಯುವುದು ಬಸ್ ಸ್ಟ್ಯಾಂಡ್ ಹತ್ತಿರದ ಲಾಡ್ಜಿನಲ್ಲಿ, ಸಿಕ್ಕರೆ ಪ್ರವಾಸಿ ಮಂದಿರದಲ್ಲಿ.

ಈ ಕಡೆ ಚಹಾ ಚೆನ್ನಾಗಿ ಮಾಡುತ್ತಾರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ನನಗೆ ಬೆಳಗ್ಗೆ ಕಾಫಿಯೇ ಆಗಬೇಕು. ಕೇಳಿದರೆ ಬಿಸಿ ಹಾಲಿಗೆ ಇನ್‌ಸ್ಟಂಟ್ ಪುಡಿ ಕಲಸಿ ಕೊಡುತ್ತಾರೆ. ಮನೆಯಲ್ಲಿ ಚಿಕ್ಕ ಎಸ್ಪ್ರೆಸ್ಸೊ ಮಷಿನ್ ಇದೆ, ಬಿಸಿನೀರನ್ನು ಜೋರಾಗಿ ಪುಡಿಯೊಳಗೆ ಹಾಯಿಸಿ ಗಟ್ಟಿ ಕಾಫಿ ಇಳಿಸುವಂಥದ್ದು. 18 ಗ್ರಾಂ ಪುಡಿ ಹಾಕಿ ಅರ್ಧ ನಿಮಿಷದೊಳಗೆ 36 ಗ್ರಾಂ ಇಳಿಸಿಕೊಳ್ಳುತ್ತೇನೆ. ನಾಲಿಗೆ ಅದಕ್ಕೆ ಒಗ್ಗಿಹೋಗಿದೆ. ಹೊರಗೆ ಹೋದಾಗಲೂ ಬೆಳಗ್ಗೆ ಒಂದು ಕಪ್ಪು ಎಸ್ಪ್ರೆಸ್ಸೊ, ಸಂಜೆ ಲೆಕ್ಕದ ಪುಸ್ತಕ ಮುಚ್ಚಿದ ಮೇಲೆ ಒಂದು ಹಾಲು ಹಾಕಿದ್ದು, ಇಷ್ಟು ಸಿಕ್ಕರೆ ಸಾಕು.

ನೋಡಿಟ್ಟಿರುವುದು ನಾಲ್ಕು: ಕೈಯಲ್ಲಿ ಪಂಪ್ ಮಾಡುವ, ವಕಾಕೊ ಕಂಪನಿಯವರ ನ್ಯಾನೊಪ್ರೆಸ್ಸೊ ಮತ್ತು ಪಿಕೊಪ್ರೆಸ್ಸೊ, ಬ್ಯಾಟರಿಯಲ್ಲಿ ನಡೆಯುವ ಔಟಿನ್ ನ್ಯಾನೊ, ಆಮೇಲೆ ಲಿವರ್ ಇರುವ ಫ್ಲೇರ್. ಲ್ಯಾಪ್‌ಟಾಪು, ಫೈಲು, ಎರಡು ಜೊತೆ ಬಟ್ಟೆ, ಇದರ ಜೊತೆ ಹಿಡಿಸಬೇಕು. ಖರ್ಚು ಎಲ್ಲಾ ಸೇರಿ ಇಪ್ಪತ್ತು ಸಾವಿರದ ಆಸುಪಾಸು. ಮನೆಯಲ್ಲಿರುವ ಗ್ರೈಂಡರ್ ಕರೆಂಟಿನದು. ಅದನ್ನು ಹೊತ್ತುಕೊಂಡು ಹೋಗಲು ಆಗುವುದಿಲ್ಲ. ಅಂಗಡಿಯಲ್ಲೇ ಪುಡಿ ಮಾಡಿಸಿಕೊಂಡು ಹೋದರೆ ನಡೆಯುತ್ತಾ? ಕೈಯಲ್ಲಿ ಒತ್ತುವ ಈ ಸಾಮಾನಿನಲ್ಲಿ ನಿಜವಾದ ಎಸ್ಪ್ರೆಸ್ಸೊ ಬರುವುದೇ ಇಲ್ಲ ಅಂತ ನಮ್ಮ ಆಫೀಸಿನವರೊಬ್ಬರು ಹೇಳುತ್ತಾರೆ. ಬಳಸಿದವರು ತಿಳಿಸಿ.


ಜೋಗಿಮಟ್ಟಿ ಗಾಳಿ, ಚಿತ್ರದುರ್ಗ:

ಮೇಡಂ, ನಾನು ಗಾಳಿಯಂತ್ರಗಳ ರಿಪೇರಿ ಕೆಲಸದವನು. ದುರ್ಗದ ಸುತ್ತಲಿನ ಗುಡ್ಡಗಳ ಮೇಲೇ ನನ್ನ ದಿನ ಕಳೆಯುತ್ತದೆ. ಅಲ್ಲಿ ಹೋಟೆಲ್ ಇಲ್ಲ, ನೆರಳೂ ಕಡಿಮೆ. ಹಾಗಾಗಿ ಕಾಫಿ ಸಾಮಾನು ಜೀಪಿನಲ್ಲೇ ಇರುತ್ತದೆ. ಪಿಕೊಪ್ರೆಸ್ಸೊ ಬಳಸುತ್ತೇನೆ. ಅದಕ್ಕೂ ಮೊದಲು ನ್ಯಾನೊಪ್ರೆಸ್ಸೊ ಇತ್ತು, ಈಗ ಅದು ತಂಗಿಯ ಹತ್ತಿರ ಇದೆ.

ಮೊದಲು ನಿಮ್ಮ ಆಫೀಸಿನವರ ಮಾತಿಗೆ ಬರೋಣ. ಎಸ್ಪ್ರೆಸ್ಸೊಗೆ ಬೇಕಾಗಿರುವುದು ಸುಮಾರು 9 ಬಾರ್ ಒತ್ತಡ (ಒಂದು ಬಾರ್ ಅಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡದಷ್ಟು), 90ರಿಂದ 96 ಡಿಗ್ರಿ ಬಿಸಿಯ ನೀರು, ನುಣ್ಣಗೆ ಬೀಸಿದ ಪುಡಿ. ಒತ್ತಡ ಕರೆಂಟಿನಿಂದಲೇ ಬರಬೇಕು ಅಂತ ಏನೂ ಇಲ್ಲ. ಕಾಫಿ ಮೇಲೆ ದಪ್ಪ ಕ್ರೆಮಾ, ಅಂದರೆ ಕಂದು ಬಣ್ಣದ ನೊರೆ, ಬರಲು ಶುರುವಾಗಿದ್ದೇ ಮಿಲಾನಿನ ಅಕಿಲೆ ಗಾಜಿಯಾ 1940ರ ದಶಕದ ಕೊನೆಯಲ್ಲಿ ತಂದ ಲಿವರ್ ಯಂತ್ರದಿಂದ. ಅದನ್ನು ಕೈಯಲ್ಲೇ ಎಳೆಯುತ್ತಿದ್ದರು. ಕರೆಂಟ್ ಪಂಪು ಇಟ್ಟ ಫೇಮಾ ಇ61 ಬಂದಿದ್ದು 1961ರಲ್ಲಿ. ಅಲ್ಲಿಯವರೆಗೆ ಇಟಲಿಯವರು ಕುಡಿದಿದ್ದು ಎಸ್ಪ್ರೆಸ್ಸೊ ಅಲ್ಲ ಅಂತ ಯಾರಾದರೂ ಹೇಳುತ್ತಾರಾ?

ಒಂದು ಲೆಕ್ಕ ಹೇಳುತ್ತೇನೆ, ನೀವು ಲೆಕ್ಕದವರೇ. ಪಿಕೊಪ್ರೆಸ್ಸೊ ಬಾಸ್ಕೆಟ್, ಅಂದರೆ ಪುಡಿ ತುಂಬುವ ತೂತಿನ ಬಟ್ಟಲು, 52 ಮಿಲಿಮೀಟರ್ ಅಗಲ. ಅದರ ಮೇಲೆ 9 ಬಾರ್ ಅಂದರೆ ಸುಮಾರು 195 ಕಿಲೋ ಭಾರ ಬಿದ್ದ ಹಾಗೆ. ನೇರವಾಗಿ ಅಂಗೈಯಲ್ಲಿ ಒತ್ತಿದರೆ ಅಷ್ಟು ಯಾರಿಂದಲೂ ಆಗುವುದಿಲ್ಲ. ಅದಕ್ಕೇ ಒಳಗೆ ಸಣ್ಣ ಪಿಸ್ಟನ್ ಇಟ್ಟಿದ್ದಾರೆ. ಒಂದೊಂದು ಸಲ ಒತ್ತಿದಾಗಲೂ ಸ್ವಲ್ಪವೇ ನೀರು ಹೋಗುತ್ತದೆ, ಆದರೆ ಜೋರಾಗಿ ಹೋಗುತ್ತದೆ. ನಿಮ್ಮ ಹೆಬ್ಬೆರಳಿನ ಶಕ್ತಿ ಸಾಕು.

ಇನ್ನು ಆಯ್ಕೆ. ಎಲ್ಲರೂ ಯಂತ್ರದಿಂದ ಶುರು ಮಾಡುತ್ತಾರೆ. ನಾನು ಹೇಳುವುದು ಬೇರೆ: ಬಿಸಿನೀರು ಎಲ್ಲಿಂದ ಸಿಗುತ್ತದೆ ಅಂತ ಮೊದಲು ನೋಡಿ, ಗ್ರೈಂಡರ್ ಯಾವುದು ಅಂತ ಎರಡನೆಯದಾಗಿ ನೋಡಿ, ಯಂತ್ರ ಕೊನೆಗೆ. ನಿಮ್ಮ ಖರ್ಚಿನಲ್ಲಿ ಅರ್ಧ ಗ್ರೈಂಡರಿಗೇ ಎತ್ತಿಡಿ. ಇದನ್ನು ಒತ್ತಿ ಹೇಳುತ್ತಿದ್ದೇನೆ.

ಯಾಕೆ ಅಂದರೆ, ಪಿಕೊಪ್ರೆಸ್ಸೊ ಬಾಸ್ಕೆಟ್ ಮನೆಯ ಮಷಿನ್ನಿನ ಬಾಸ್ಕೆಟ್ ಥರವೇ ಬರೀ ತೂತಿನದು. ಒತ್ತಡ ಹುಟ್ಟುವುದು ಪುಡಿಯ ತಡೆಯಿಂದ ಮಾತ್ರ. ಪುಡಿ ಸ್ವಲ್ಪ ತರಿಯಾದರೆ ನೀರು ಸರ್ರಂತ ಇಳಿದು ಹುಳಿ ಹುಳಿ ನೀರು ಬರುತ್ತದೆ. ತೀರಾ ನುಣುಪಾದರೆ ಪಂಪು ಒತ್ತಲಿಕ್ಕೇ ಆಗುವುದಿಲ್ಲ. ಇವೆರಡರ ನಡುವಿನ ಅಂತರ ಕೂದಲೆಳೆಯಷ್ಟು. ಅದನ್ನು ಹಿಡಿಯಲು ಗ್ರೈಂಡರಿನಲ್ಲಿ ಪುಡಿಯ ಹದ ಬದಲಾಯಿಸುವ ತಿರುಗಣಿಗೆ ಸಣ್ಣ ಸಣ್ಣ ಕ್ಲಿಕ್ ಇರಬೇಕು. ಕೈ ಗ್ರೈಂಡರುಗಳಲ್ಲಿ ಕಿಂಗ್ರೈಂಡರ್ ಕೆ6ರಲ್ಲಿ ಒಂದು ಕ್ಲಿಕ್ಕಿಗೆ 16 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ). 1ಝಡ್‌ಪ್ರೆಸ್ಸೊ ಜೆ-ಅಲ್ಟ್ರಾದಲ್ಲಿ 8 ಮೈಕ್ರಾನ್. ಟೈಮ್‌ಮೋರ್ ಸಿ2 ತುಂಬಾ ಜನ ಕೊಳ್ಳುತ್ತಾರೆ. ಬೇರೆ ಥರದ ಕಾಫಿಗೆ ಅದು ಒಳ್ಳೆಯದು, ಆದರೆ ಎಸ್ಪ್ರೆಸ್ಸೊಗೆ ಅದರ ಕ್ಲಿಕ್ ದೊಡ್ಡದಾಯಿತು. ಅದೇ ಕಂಪನಿಯ ಸಿ3 ಇಎಸ್‌ಪಿ ಎಸ್ಪ್ರೆಸ್ಸೊಗೆ ಅಂತಲೇ ಮಾಡಿದ್ದು, ನಿಮ್ಮ ಖರ್ಚಿಗೂ ಹೊಂದುತ್ತದೆ.

ನ್ಯಾನೊಪ್ರೆಸ್ಸೊ ಬಾಸ್ಕೆಟ್ಟಿಗೆ 8 ಗ್ರಾಂ ಹಿಡಿಸುತ್ತದೆ. 16 ಗ್ರಾಮಿನದು ಬೇಕಾದರೆ ಬೇರೆ ಕಿಟ್ ಕೊಳ್ಳಬೇಕು. ಪುಡಿಯ ಹದ ಸ್ವಲ್ಪ ಆಚೀಚೆ ಆದರೂ ಅದರಲ್ಲಿ ನಡೆಯುತ್ತದೆ. ಹೊಸಬರಿಗೆ ಅದು ಸುಲಭ. ನೀವು ಮನೆಯಲ್ಲಿ ಹದ ಕಲಿತವರು, 18 ಗ್ರಾಮಿಗೆ ಒಗ್ಗಿದವರು. 8 ಗ್ರಾಮಿನ ಕಪ್ಪು ನಿಮಗೆ ತೆಳು ಅನಿಸುತ್ತದೆ. ಫ್ಲೇರ್ ಕಾಫಿ ಬಹಳ ಚೆನ್ನಾಗಿರುತ್ತದೆ, ಒತ್ತಡ ಕೈಗೇ ಗೊತ್ತಾಗುತ್ತದೆ. ಆದರೆ ಪೆಟ್ಟಿಗೆ ಸಮೇತ ಎರಡು ಕಿಲೋ ಆಸುಪಾಸು. ಕಾರಿದ್ದವರಿಗೆ ಸರಿ. ಜಗಳೂರು ಬಸ್ಸಿನಲ್ಲಿ ನಿಂತುಕೊಂಡು ಹೋಗುವಾಗ ಬೇಡ.

ಈಗ ಬಿಸಿನೀರು. ಈ ಪಂಪಿನ ಸಾಮಾನುಗಳು ತಾವಾಗಿ ನೀರು ಕಾಯಿಸುವುದಿಲ್ಲ. ನೀರು ತಣ್ಣಗಾದರೆ ಉಳಿದಿದ್ದೆಲ್ಲ ಸರಿಯಿದ್ದರೂ ಕಾಫಿ ಕೆಡುತ್ತದೆ. ಪಿಕೊಪ್ರೆಸ್ಸೊದಲ್ಲಿ ಹಿಡಿಸುವ ನೀರೇ 80 ಮಿಲಿ. ಆ ಚೂರು ನೀರು ತಣ್ಣನೆಯ ಸ್ಟೀಲ್ ಮುಟ್ಟಿದ ಕೂಡಲೇ ಹತ್ತು ಡಿಗ್ರಿ ಇಳಿದುಬಿಡುತ್ತದೆ. ಅದಕ್ಕೆ ಪುಡಿ ಹಾಕುವ ಮೊದಲು ಕುದಿಯುವ ನೀರು ತುಂಬಿ, ಖಾಲಿ ಬಾಸ್ಕೆಟ್ ಮೂಲಕ ಪೂರ್ತಿ ಪಂಪ್ ಮಾಡಿ ಚೆಲ್ಲಿ. ಆಷಾಢದ ಗಾಳಿಯಲ್ಲಿ ನಾನು ಎರಡು ಸಲ ಮಾಡುತ್ತೇನೆ. ಆಮೇಲೆ ಬಾಸ್ಕೆಟ್ ಒರೆಸಿ, ಪುಡಿ ಹಾಕಿ, ಸೂಜಿಯಿಂದ ಕೆದಕಿ ಗಂಟು ಬಿಡಿಸಿ, ಒತ್ತಿ, ಹೊಸ ಕುದಿನೀರು ತುಂಬಿ. ಮೊದಲು ಏಳೆಂಟು ಸಲ ಪಂಪ್ ಮಾಡಿ ಹತ್ತು ಸೆಕೆಂಡ್ ಬಿಡಿ, ಪುಡಿ ನೆನೆಯಲಿ. ಆಮೇಲೆ ಒಂದೇ ಸಮ ಒತ್ತುತ್ತಾ ಹೋಗಿ.

ನಮ್ಮ ಊರಿನ ಎತ್ತರದಲ್ಲಿ ನೀರು ಕುದಿಯುವುದು ಹೆಚ್ಚುಕಡಿಮೆ 98 ಡಿಗ್ರಿಗೆ. ಕುದಿದ ಮೇಲೆ ಆರಲು ಬಿಡುವುದೇನೂ ಬೇಡ, ಹಾಗೇ ಹಾಕಿ. ಮುಳ್ಳಯ್ಯನಗಿರಿಯ ತುದಿಗೆ ಹೋದರೆ 93, 94ಕ್ಕೇ ಕುದಿದುಬಿಡುತ್ತದೆ. ಅಲ್ಲಂತೂ ಸಾಮಾನು ಬಿಸಿ ಮಾಡಿಕೊಳ್ಳದೆ ಆಗುವುದೇ ಇಲ್ಲ.


ಪಿ.ಜೆ. ಬಡಾವಣೆ, ದಾವಣಗೆರೆ:

ತಂಗೀ, ಬ್ಯಾಂಕಿನಿಂದ ನಿವೃತ್ತನಾದವನು ನಾನು. ಮಗಳ ಮನೆ, ಮಗನ ಮನೆ, ಮದುವೆ ಮನೆ ಅಂತ ಊರೂರಿಗೆ ಹೋಗುವಾಗ ಮೋಕಾ ಪಾಟ್ ಜೊತೆಗಿರುತ್ತದೆ. ಇಟಲಿಯ ಬಿಯಾಲೆಟ್ಟಿಯವರು 1933ರಲ್ಲಿ ತಂದ ಎಂಟು ಮೂಲೆಯ ಪಾತ್ರೆ. ಕೆಳಗೆ ನೀರು, ನಡುವೆ ಪುಡಿ, ಮೇಲೆ ಡಿಕಾಕ್ಷನ್. ಕೆಡಲು ಅದರಲ್ಲಿ ಒಂದು ರಬ್ಬರ್ ವಾಷರ್ ಬಿಟ್ಟರೆ ಏನೂ ಇಲ್ಲ. ಮೇಲೆ ಹೇಳಿದ ಯಾವುದಕ್ಕಿಂತಲೂ ಅಗ್ಗ.

ಒತ್ತಡ ಒಂದೂವರೆ ಬಾರ್ ಬಂದರೆ ಹೆಚ್ಚು. ಹಾಗಾಗಿ ಅದನ್ನು ಎಸ್ಪ್ರೆಸ್ಸೊ ಅಂತ ಕರೆಯಲು ಬರುವುದಿಲ್ಲ, ಒಪ್ಪುತ್ತೇನೆ. ಆದರೆ ಸಂಜೆ ನೀವು ಹಾಲು ಹಾಕಿಯೇ ಕುಡಿಯುತ್ತೀರಲ್ಲ, ಆ ಕಪ್ಪಿಗೆ ಇದು ಧಾರಾಳವಾಯಿತು. ಹಾಲಿನಲ್ಲಿ ನಿಲ್ಲುವ ಗಟ್ಟಿತನ ಇದರಲ್ಲಿದೆ. ಎರಡು ಮಾತು ನೆನಪಿಡಿ. ಕೆಳಗಿನ ಪಾತ್ರೆಗೆ ಮೊದಲೇ ಕಾಯಿಸಿದ ನೀರು ಹಾಕಿ, ಇಲ್ಲವಾದರೆ ನೀರು ಕಾಯುವಷ್ಟರಲ್ಲಿ ಪುಡಿ ಸುಟ್ಟ ವಾಸನೆ ಹೊಡೆಯುತ್ತದೆ. ಮೇಲಕ್ಕೆ ಬರುವ ಡಿಕಾಕ್ಷನ್ ಬಣ್ಣ ತಿಳಿಯಾಗಿ ಗೊರಗೊರ ಸದ್ದು ಶುರುವಾದ ಕೂಡಲೇ ಇಳಿಸಿ, ತಳಕ್ಕೆ ತಣ್ಣೀರು ತಾಗಿಸಿ. ಪುಡಿಯನ್ನು ಒತ್ತಬೇಡಿ, ಸುಮ್ಮನೆ ತುಂಬಿ ಮಟ್ಟ ಮಾಡಿದರೆ ಸಾಕು.

ಅಲ್ಯೂಮಿನಿಯಂ ಪಾಟ್ ಇಂಡಕ್ಷನ್ ಒಲೆ ಮೇಲೆ ಕಾಯುವುದಿಲ್ಲ. ಸ್ಟೀಲಿನದು ತೆಗೆದುಕೊಂಡರೆ ಆ ತೊಂದರೆಯೂ ಇಲ್ಲ. ಸಣ್ಣ ಇಂಡಕ್ಷನ್ ಒಲೆಯೊಂದು ಇಟ್ಟುಕೊಳ್ಳಿ ಅಂತ ನನ್ನ ಸಲಹೆ.


ರಾತ್ರಿ ಡ್ಯೂಟಿ, ದಾವಣಗೆರೆ:

ಅಕ್ಕ, ನಾನು ಹೌಸ್ ಸರ್ಜನ್. ಹಾಸ್ಟೆಲ್ಲಿನಲ್ಲಿ ಒಲೆ ಇಡುವ ಹಾಗಿಲ್ಲ, ಕೆಟಲ್ ಮಾತ್ರ ಇದೆ. ಏರೋಪ್ರೆಸ್ ಬಳಸುತ್ತೇನೆ, ಕೊಳವೆಯಲ್ಲಿ ಪುಡಿ ನೆನೆಸಿ ಕೈಯಿಂದ ಒತ್ತಿ ಸೋಸುವ ಸಾಮಾನು. 2005ರಲ್ಲಿ ಬಂದಿದ್ದು. ಇದನ್ನು ಮಾಡಿದ ಅಮೆರಿಕದ ಆಲನ್ ಆಡ್ಲರ್ ಮೊದಲು ಹೆಸರು ಮಾಡಿದ್ದು ಏರೋಬೀ ಎಂಬ ಎಸೆದಾಡುವ ರಿಂಗಿನಿಂದ. ಈಗ ಪ್ರಯಾಣಕ್ಕೆ ಅಂತಲೇ ಏರೋಪ್ರೆಸ್ ಗೋ ಇದೆ, ಕಪ್ಪಿನೊಳಗೇ ಎಲ್ಲಾ ಕೂರುತ್ತದೆ.

ನಾನು ಮಾಡುವುದು ಹೀಗೆ. ನುಣ್ಣನೆಯ ಪುಡಿ 18 ಗ್ರಾಂ, ಕುದಿನೀರು 70 ಮಿಲಿ, ಒಂದು ನಿಮಿಷ ಕಲಕಿ ಬಿಟ್ಟು ನಿಧಾನಕ್ಕೆ ಒತ್ತುವುದು. ಗಟ್ಟಿ ಕಾಫಿ ಬರುತ್ತದೆ. ಕ್ರೆಮಾ ಬರುವುದಿಲ್ಲ. ಜೋಗಿಮಟ್ಟಿ ಅಣ್ಣ ಹೇಳಿದ ಲೆಕ್ಕ ಇಲ್ಲಿಗೂ ಹಾಕಿ ನೋಡಿದೆ: ಇದರ ಕೊಳವೆ ಅಗಲ, 20 ಕಿಲೋ ಭಾರ ಹಾಕಿ ಒತ್ತಿದರೂ ಒಂದು ಬಾರ್ ಸಹ ಆಗುವುದಿಲ್ಲ. ಆದರೆ ತೊಳೆಯುವುದು ಎಷ್ಟು ಸುಲಭ ಅಂದರೆ, ಮುಚ್ಚಳ ತೆಗೆದು ಒತ್ತಿದರೆ ಪುಡಿಯ ಬಿಲ್ಲೆ ಡಬ್ಬಿಗೆ ಬೀಳುತ್ತದೆ, ಒಮ್ಮೆ ನೀರು ಹಾಯಿಸಿದರೆ ಆಯಿತು. ವಾರ್ಡಿನಿಂದ ಯಾವಾಗ ಕರೆ ಬರುತ್ತದೋ ಗೊತ್ತಿಲ್ಲದಿದ್ದಾಗ ಇದೇ ದೊಡ್ಡ ಗುಣ. ಕೆಳಗೆ ಬಿದ್ದರೆ ಒಡೆಯುವುದಿಲ್ಲ. ಪುಡಿಯ ಹದವೂ ಅಷ್ಟು ಕಟ್ಟುನಿಟ್ಟಾಗಿ ಬೇಕಿಲ್ಲ, ಹಾಗಾಗಿ ಅಗ್ಗದ ಗ್ರೈಂಡರ್ ಸಾಕಾಗುತ್ತದೆ. ಒಟ್ಟು ಖರ್ಚು ಅರ್ಧಕ್ಕಿಂತ ಕಡಿಮೆ ಆಗುತ್ತದೆ.


ಜೋಗಿಮಟ್ಟಿ ಗಾಳಿ, ಚಿತ್ರದುರ್ಗ:

ಪಿ.ಜೆ. ಬಡಾವಣೆ ಸರ್, ಮೋಕಾ ಪಾಟ್ ಬಗ್ಗೆ ನಿಮ್ಮ ಮಾತು ಪೂರ್ತಿ ಒಪ್ಪುತ್ತೇನೆ. ನಮ್ಮ ಮನೆಯಲ್ಲೂ ಭಾನುವಾರ ಅದೇ. ಆದರೆ ಲಾಡ್ಜಿನಲ್ಲಿ ಇಂಡಕ್ಷನ್ ಒಲೆ ಹಚ್ಚುವುದು ಬೇಡ. ಹಳೆಯ ಲಾಡ್ಜುಗಳ ವೈರಿಂಗ್ ನೋಡಿದ್ದೇನೆ, ನಾನು ಕರೆಂಟ್ ಕೆಲಸದವನು. ಹಾಸಿಗೆ ಪಕ್ಕದ ಪ್ಲಗ್ಗು ಸಾಮಾನ್ಯವಾಗಿ 6 ಆಂಪಿಯರಿನದು, ಅಂದರೆ ಹೆಚ್ಚೆಂದರೆ 1,400 ವ್ಯಾಟ್. ಇಂಡಕ್ಷನ್ ಒಲೆಗಳು ಅದನ್ನು ಮೀರಿ ಎಳೆಯುತ್ತವೆ. ಪ್ಲಗ್ಗು ಕಾದು ಕರಗಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಮೇಡಂ ಅರ್ಧ ಲೀಟರಿನ ಸಣ್ಣ ಕೆಟಲ್ ಇಟ್ಟುಕೊಳ್ಳಲಿ, 600 ವ್ಯಾಟ್ ಒಳಗಿನದು ಸಿಗುತ್ತದೆ. ನೀರು ಕಾಯಲು ನಾಲ್ಕೈದು ನಿಮಿಷ ಜಾಸ್ತಿ ಹಿಡಿದರೆ ಹಿಡಿಯಲಿ.

ರೈಲಿನ ಮಾತು ಯಾರೂ ಎತ್ತಿಲ್ಲ. ಬೆಂಗಳೂರಿಗೆ ಹೋಗುವಾಗ ಬೋಗಿಯ ಪ್ಲಗ್ಗಿಗೆ ಕೆಟಲ್ ಹಚ್ಚಬೇಡಿ. ಅದು ನಿಷೇಧ, ಬೆಂಕಿಯ ಅಪಾಯ ಇದೆ. ಆ ಪ್ಲಗ್ಗು ಇರುವುದು ಮೊಬೈಲ್, ಲ್ಯಾಪ್‌ಟಾಪಿಗೆ. ಗ್ಯಾಸ್ ಕ್ಯಾನಿನ ಸಣ್ಣ ಒಲೆಯೂ ರೈಲಿನಲ್ಲಿ, ವಿಮಾನದಲ್ಲಿ ನಡೆಯುವುದಿಲ್ಲ. ಅಲ್ಲಿಗೆ ಫ್ಲಾಸ್ಕ್ ಒಂದೇ ದಾರಿ. ಮನೆಯಿಂದ ಹೊರಡುವಾಗ ಫ್ಲಾಸ್ಕಿಗೆ ಮೊದಲು ಕುದಿನೀರು ತುಂಬಿ ಐದು ನಿಮಿಷ ಬಿಟ್ಟು ಚೆಲ್ಲಿ, ಆಮೇಲೆ ಕುದಿಯುತ್ತಿರುವ ನೀರನ್ನೇ ಬಾಯಿಮಟ್ಟ ತುಂಬಿ. ಅರ್ಧ ತುಂಬಿದರೆ ಬೇಗ ಆರುತ್ತದೆ. ಒಳ್ಳೆಯ ಫ್ಲಾಸ್ಕಾದರೆ ಎರಡು ಮೂರು ಗಂಟೆ ಎಸ್ಪ್ರೆಸ್ಸೊಗೆ ಸಾಕಾಗುವಷ್ಟು ಬಿಸಿ ಇರುತ್ತದೆ. ಗುಡ್ಡದ ಮೇಲೆ ನಾನು ನಂಬಿರುವುದು ಇದನ್ನೇ.

ನೀರಿನ ರುಚಿ ಬಗ್ಗೆಯೂ ಹೇಳಬೇಕು. ಇದು ನಮ್ಮ ಜಿಲ್ಲೆಗಳವರಿಗೆ ಬಹಳ ಮುಖ್ಯ. ಚಳ್ಳಕೆರೆ, ಮೊಳಕಾಲ್ಮೂರು, ಜಗಳೂರು ಕಡೆ ಬೋರ್‌ವೆಲ್ ನೀರು ಗಡಸು. ಕೆಟಲ್ ತಳದಲ್ಲಿ ಬಿಳಿ ಪದರ ಕಟ್ಟುತ್ತದಲ್ಲ, ಅದೇ. ಆ ನೀರಿನಲ್ಲಿ ಕಾಫಿ ಸಪ್ಪೆ ಆಗುತ್ತದೆ, ಬೀಜದಲ್ಲಿರುವ ಹಣ್ಣಿನ ಹುಳಿ ಸತ್ತೇ ಹೋಗುತ್ತದೆ. ಫ್ಲೋರೈಡ್ ಇರುವ ಕಡೆ ಕುದಿಸಿದರೂ ಅದು ಹೋಗುವುದಿಲ್ಲ, ಹಾಗಾಗಿ ಕುಡಿಯಲೂ ಅದು ಬೇಡ. ಊರಿನ ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿ ಹಿಡಿಯುವ ನೀರು ವಾಸಿ. ಅದರಲ್ಲಿ ಖನಿಜ ತೀರಾ ಕಡಿಮೆಯಾಗಿ ಕಾಫಿ ತೆಳು ಅನಿಸಿದರೆ ಒಂದು ಕ್ಲಿಕ್ ನುಣ್ಣಗೆ ಬೀಸಿ, ಸರಿಹೋಗುತ್ತದೆ. ದಾವಣಗೆರೆಯಲ್ಲಿ ಭದ್ರಾ ನಾಲೆ ನೀರು ಬರುವ ಬಡಾವಣೆಯಾದರೆ ಅದನ್ನೇ ಸೋಸಿ ಒಂದು ಬಾಟಲಿ ತೆಗೆದುಕೊಂಡು ಹೋಗಿ. ಎರಡು ದಿನದ ಕಾಫಿಗೆ ಒಂದು ಲೀಟರ್ ಸಾಕು.

ರಾತ್ರಿ ಡ್ಯೂಟಿ ಡಾಕ್ಟ್ರೇ, ನಿಮ್ಮ ಲೆಕ್ಕ ಸರಿ. ಏರೋಪ್ರೆಸ್ ನನಗೂ ಇಷ್ಟ. ಮೇಡಂಗೆ ಬೆಳಗ್ಗೆ ಬೇಕಿರುವುದು ಕ್ರೆಮಾ ಇರುವ ಆ ಎರಡು ಗುಟುಕು. ಅದಕ್ಕೆ 9 ಬಾರ್ ಬೇಕೇ ಬೇಕು.


ಹಿರಿಯೂರು ಹೈವೇ:

ಔಟಿನ್ ನ್ಯಾನೊ ಬಗ್ಗೆ ಯಾರೂ ಬರೆದಿಲ್ಲ, ನಾನು ಬರೆಯುತ್ತೇನೆ. ಟ್ಯಾಕ್ಸಿ ಓಡಿಸುತ್ತೇನೆ, 48ನೇ ಹೆದ್ದಾರಿಯಲ್ಲಿ ಬೆಂಗಳೂರು, ಹುಬ್ಬಳ್ಳಿ ಮಧ್ಯೆ. ತಣ್ಣೀರು ಹಾಕಿ ಬಟನ್ ಒತ್ತಿದರೆ ಮೂರು ನಾಲ್ಕು ನಿಮಿಷದಲ್ಲಿ ಅದೇ ಕಾಯಿಸಿ ಅದೇ ಇಳಿಸುತ್ತದೆ. ಕಾರಿನ ಚಾರ್ಜರಿಗೆ ಟೈಪ್-ಸಿ ವೈರ್ ಹಾಕಿದರೆ ಚಾರ್ಜ್ ಆಗುತ್ತದೆ. ಕೈಗೆ ಕೆಲಸ ಇಲ್ಲ. ರಾತ್ರಿ ಓಡಿಸುವವರಿಗೆ ಇದು ವರ.

ನೀರು ಕಾಯಿಸಲಿಕ್ಕೇ ಬ್ಯಾಟರಿ ಎಲ್ಲಾ ಹೋಗುತ್ತದೆ. ತಣ್ಣೀರಾದರೆ ಒಂದು ಚಾರ್ಜಿಗೆ ಕೆಲವೇ ಕಪ್ಪು. ಡಾಬಾದಲ್ಲಿ ಬಿಸಿನೀರು ಕೇಳಿ ಹಾಕಿದರೆ ತುಂಬಾ ದಿನ ಬರುತ್ತದೆ. ತೂಕ ಮುಕ್ಕಾಲು ಕಿಲೋಗೆ ಹತ್ತಿರ. ಬೇಸಿಗೆಯಲ್ಲಿ ಹಿರಿಯೂರು ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಇದನ್ನು ಬಿಟ್ಟು ಹೋಗಬೇಡಿ, ಲಿಥಿಯಂ ಬ್ಯಾಟರಿ. ವಿಮಾನದಲ್ಲಿ ಹೋಗುವವರು ಕೈಯಲ್ಲಿ ಹಿಡಿದುಕೊಳ್ಳುವ ಬ್ಯಾಗಿನಲ್ಲೇ ಇಡಿ.


ಆಡಿಟ್ ಮೇಡಂ, ದಾವಣಗೆರೆ:

ಇಷ್ಟು ಬಿಡಿಸಿ ಹೇಳಿದ್ದಕ್ಕೆ ಎಲ್ಲರಿಗೂ ಧನ್ಯವಾದ. ಪ್ಲಗ್ಗಿನ ವಿಷಯ ನನಗೆ ಹೊಳೆದೇ ಇರಲಿಲ್ಲ. ಲಾಡ್ಜಿನಲ್ಲಿ ಕರೆಂಟ್ ಇದ್ದಾಗ ಫ್ಲಾಸ್ಕಿಗೆ ತುಂಬಿಟ್ಟುಕೊಂಡರೆ ಬೆಳಗ್ಗೆ ಕರೆಂಟ್ ಹೋದರೂ ಚಿಂತೆಯಿಲ್ಲ ಅಲ್ವಾ? ಪಿಕೊಪ್ರೆಸ್ಸೊ ಕಡೆಗೇ ಮನಸ್ಸು ವಾಲಿದೆ.

ಮೂರು ಪ್ರಶ್ನೆ ಉಳಿದಿವೆ. ಪುಡಿ ಅಂಗಡಿಯದ್ದು ಆಗುತ್ತದಾ ಅನ್ನುವುದಕ್ಕೆ ಇನ್ನೂ ಉತ್ತರ ಬಂದಿಲ್ಲ. ಈಗಲೇ ಕೈ ಗ್ರೈಂಡರ್ ಕೊಳ್ಳದೆ, ಮನೆಯ ಗ್ರೈಂಡರಿನಲ್ಲಿ ಬೀಸಿ ಡಬ್ಬಿಗೆ ಹಾಕಿಕೊಂಡು ಹೋದರೆ ಎಷ್ಟು ದಿನ ಬಾಳುತ್ತದೆ? ಮತ್ತೆ ಸಂಜೆಯ ಹಾಲು. ಲಾಡ್ಜ್ ಕೆಟಲ್ಲಿನಲ್ಲಿ ಹಾಲು ಕಾಯಿಸಲು ನನಗೆ ಮನಸ್ಸಿಲ್ಲ.


ಜೋಗಿಮಟ್ಟಿ ಗಾಳಿ, ಚಿತ್ರದುರ್ಗ:

ಕೆಟಲ್ಲಿನಲ್ಲಿ ಹಾಲು ಬೇಡವೇ ಬೇಡ. ತಳ ಹಿಡಿಯುತ್ತದೆ, ಮುಂದೆ ಬರುವವರಿಗೂ ವಾಸನೆ. ನಂದಿನಿಯ ಗುಡ್‌ಲೈಫ್ ಹಾಲಿನ ಪ್ಯಾಕೆಟ್ ತೆಗೆದುಕೊಳ್ಳಿ. ಒಡೆಯುವವರೆಗೆ ಫ್ರಿಜ್ ಬೇಕಿಲ್ಲ. ಸ್ಟೀಲ್ ಲೋಟಕ್ಕೆ ಹಾಲು ಸುರಿದು, ಅದನ್ನು ಕುದಿನೀರು ಹಾಕಿದ ಅಗಲದ ಪಾತ್ರೆಯಲ್ಲಿ ಕೂರಿಸಿ. ಒಮ್ಮೆ ನೀರು ಬದಲಾಯಿಸಿದರೆ ಹಾಲು ಕುಡಿಯುವ ಬಿಸಿಗೆ ಬರುತ್ತದೆ. ನೊರೆ ಬೇಕಾದರೆ ಸೆಲ್ ಹಾಕುವ ಸಣ್ಣ ಕಡೆಗೋಲು ಸಿಗುತ್ತದೆ. 65 ಡಿಗ್ರಿ ದಾಟಿಸಬೇಡಿ, ಹಾಲಿನ ಸಿಹಿ ಹೋಗುತ್ತದೆ. ಲಾಡ್ಜಿನ ಕೆಟಲ್ಲೇ ಬಳಸುವುದಾದರೆ ಮೊದಲ ಸಲ ತುಂಬಾ ನೀರು ಕುದಿಸಿ ಚೆಲ್ಲಿಬಿಡಿ.

ಕರೆಂಟಿನ ಪ್ರಶ್ನೆಗೆ: ರಾತ್ರಿ ತುಂಬಿದ ಫ್ಲಾಸ್ಕಿನ ನೀರು ಬೆಳಗ್ಗೆ ಹೊತ್ತಿಗೆ ಎಸ್ಪ್ರೆಸ್ಸೊಗೆ ಸಾಲುವುದಿಲ್ಲ. ಎದ್ದ ಕೂಡಲೇ ಕರೆಂಟ್ ಇದ್ದರೆ ಆಗ ಕಾಯಿಸಿ. ಇಲ್ಲದಿದ್ದರೆ ಎದುರಿನ ಚಹಾದಂಗಡಿಯಲ್ಲಿ ಫ್ಲಾಸ್ಕ್ ಕೊಟ್ಟು ಕುದಿನೀರು ಕೇಳಿ. ಒಂದು ಚಹಾ ಕುಡಿದು ಕೇಳಿದರೆ ಈ ಕಡೆ ಯಾರೂ ಇಲ್ಲ ಅನ್ನುವುದಿಲ್ಲ.

ಈಗ ಪುಡಿ. ಅಂಗಡಿಯವರು ಬೀಸುವುದು ಫಿಲ್ಟರ್ ಕಾಫಿಯ ಹದಕ್ಕೆ. ಅದನ್ನು ಪಿಕೊಪ್ರೆಸ್ಸೊಗೆ ಹಾಕಿದರೆ ನೀರು ನಿಲ್ಲುವುದಿಲ್ಲ. ಅದಕ್ಕಿಂತ ದೊಡ್ಡ ವಿಷಯ ಚಿಕೋರಿ. ಚಿಕೋರಿ ಬೆರೆತ ಪುಡಿ ಬಿಸಿನೀರು ತಾಗಿದರೆ ಅಂಟಂಟಾಗಿ ಜಾಲರಿಯನ್ನೇ ಕಟ್ಟಿಬಿಡುತ್ತದೆ. ಪಂಪು ಒತ್ತಲು ಬಿಗಿಯಾಗುತ್ತದೆ, ಬಲವಂತ ಮಾಡಿದರೆ ವಾಷರ್ ಹೋಗುತ್ತದೆ. ಫಿಲ್ಟರಿನಲ್ಲಿ ಚಿಕೋರಿ ಡಿಕಾಕ್ಷನ್ ಗಟ್ಟಿ ಮಾಡುತ್ತದೆ, ಅಲ್ಲಿ ಅದರ ಜಾಗ ಅದಕ್ಕಿದೆ. ಇಲ್ಲಿ ಬೇಡ. ಪ್ಯಾಕೆಟ್ ಮೇಲೆ ಕಾಫಿ ಎಷ್ಟು, ಚಿಕೋರಿ ಎಷ್ಟು ಅಂತ ಅಚ್ಚು ಹಾಕಿರಬೇಕು, ಓದಿ ಕೊಳ್ಳಿ. ಇನ್ನೂ ಒಳ್ಳೆಯದು ಅಂದರೆ ಹುರಿದ ಬೀಜವನ್ನೇ ಕೇಳುವುದು. ಹುರಿದ ತಾರೀಖು ಕೇಳಿ. ವಾರದಿಂದ ಮೂರು ವಾರದೊಳಗಿನ ಬೀಜ ಚೆನ್ನಾಗಿ ಬರುತ್ತದೆ. ತೀರಾ ಹೊಸದಾದರೆ ಒಳಗಿನ ಗಾಳಿ ಜಾಸ್ತಿಯಾಗಿ ನೀರು ಎಲ್ಲೆಲ್ಲೋ ನುಗ್ಗುತ್ತದೆ. ಹಳೆಯದಾದರೆ ಕ್ರೆಮಾ ಬರುವುದಿಲ್ಲ.

ಯಾವ ಹುರಿ ಅಂತಲೂ ಹೇಳುತ್ತೇನೆ. ಪ್ರಯಾಣದ ಸಾಮಾನಿಗೆ ತೀರಾ ತಿಳಿ ಹುರಿ ಬೇಡ. ಅದಕ್ಕೆ ಬಿಸಿ ಕೊನೆಯವರೆಗೆ ನಿಲ್ಲಬೇಕು, ಕೈಯಿಂದ ಬೀಸಲೂ ಗಟ್ಟಿ. ನಡು ಹುರಿ, ಅಥವಾ ಅದಕ್ಕಿಂತ ಒಂದು ಹೆಜ್ಜೆ ಮುಂದಿನದು ಸರಿ. ಚಿಕ್ಕಮಗಳೂರಿನ ಅರೇಬಿಕಾಗೆ ಕಾಲು ಭಾಗ ಒಳ್ಳೆಯ ರೊಬಸ್ಟಾ ಸೇರಿಸಿದರೆ ಕ್ರೆಮಾ ದಪ್ಪ ಬರುತ್ತದೆ, ಹಾಲಿಗೂ ನಿಲ್ಲುತ್ತದೆ. ನಿಮ್ಮ ಬೆಳಗ್ಗೆಗೂ ಸಂಜೆಗೂ ಒಂದೇ ಬೀಜ ಸಾಕು.

ಮನೆಯಲ್ಲಿ ಬೀಸಿ ತೆಗೆದುಕೊಂಡು ಹೋಗುವುದು ಮೊದಲ ದಿನಕ್ಕೆ ನಡೆಯುತ್ತದೆ. ಒಂದೊಂದು ಕಪ್ಪಿನ 18 ಗ್ರಾಮನ್ನು ಬೇರೆ ಬೇರೆ ಸಣ್ಣ ಡಬ್ಬಿಗೆ ಹಾಕಿ ಬಿಗಿಯಾಗಿ ಮುಚ್ಚಿ. ಎರಡನೆಯ ದಿನ ಘಮ ಕಡಿಮೆ ಅನಿಸುತ್ತದೆ. ಮೂರನೆಯ ದಿನ ಅದೇ ಪುಡಿ ಬೇಗ ಇಳಿಯಲು ಶುರು ಮಾಡುತ್ತದೆ, ಆಗ ಹದ ಬದಲಾಯಿಸಲು ಕೈಯಲ್ಲಿ ಗ್ರೈಂಡರ್ ಇರುವುದಿಲ್ಲ. ನಿಮ್ಮ ಓಡಾಟ ವಾರಗಟ್ಟಲೆ ಇರುತ್ತದೆ. ಹಾಗಾಗಿ ಗ್ರೈಂಡರ್ ಬೇಕೇ ಬೇಕು. 18 ಗ್ರಾಂ ಬೀಸಲು ಒಂದು ನಿಮಿಷದ ಮೇಲೆ ಸ್ವಲ್ಪ ಹಿಡಿಯುತ್ತದೆ ಅಷ್ಟೇ. ಎರಡೂ ಒಟ್ಟಿಗೆ ಕೊಳ್ಳಲು ಆಗದಿದ್ದರೆ ಈ ತಿಂಗಳು ಗ್ರೈಂಡರ್ ಕೊಳ್ಳಿ, ಮುಂದಿನ ತಿಂಗಳು ಯಂತ್ರ. ಅಲ್ಲಿಯವರೆಗೆ ಆ ಡಾಕ್ಟ್ರ ಏರೋಪ್ರೆಸ್ ಸಾಲ ಕೇಳಿದರೂ ತಪ್ಪಿಲ್ಲ.


ರಾತ್ರಿ ಡ್ಯೂಟಿ, ದಾವಣಗೆರೆ:

ಖಂಡಿತ ಕೊಡುತ್ತೇನೆ ಅಕ್ಕ. ಮುಂದಿನ ವಾರ ನನಗೆ ರಜೆ, ವಿದ್ಯಾನಗರದ ಕಡೆ ಬಂದರೆ ತಿಳಿಸಿ.


ಪಿ.ಜೆ. ಬಡಾವಣೆ, ದಾವಣಗೆರೆ:

ಪ್ಲಗ್ಗಿನ ಮಾತು ಸರಿ, ಇಂಡಕ್ಷನ್ ಸಲಹೆ ಲಾಡ್ಜಿಗೆ ಹೊಂದುವುದಿಲ್ಲ. ನಂಟರ ಮನೆಗೆ ಹೋಗುವವರು ಮಾತ್ರ ನನ್ನ ದಾರಿ ಹಿಡಿಯಲಿ. ತಂಗೀ, ಹುರಿದ ಬೀಜ ತೆಗೆದುಕೊಳ್ಳುವಾಗ ಕಾಲು ಕಿಲೋಗಿಂತ ಜಾಸ್ತಿ ಕೊಳ್ಳಬೇಡಿ. ನಮ್ಮ ಊರಿನ ಏಪ್ರಿಲ್ ಸೆಖೆಗೆ ಡಬ್ಬಿಯಲ್ಲಿದ್ದರೂ ಬೇಗ ಮುಗ್ಗುತ್ತದೆ.


ಆಡಿಟ್ ಮೇಡಂ, ದಾವಣಗೆರೆ:

ತೀರ್ಮಾನ ಮಾಡಿದೆ. ಮೊದಲು ಸಿ3 ಇಎಸ್‌ಪಿ, ಸಂಬಳ ಆದ ಮೇಲೆ ಪಿಕೊಪ್ರೆಸ್ಸೊ, ಜೊತೆಗೆ ಅರ್ಧ ಲೀಟರ್ ಕೆಟಲ್. ತೂಕದ ಚಿಕ್ಕ ಮಷಿನ್ ಮನೆಯಲ್ಲಿದೆ, ಅದನ್ನೇ ಹಾಕಿಕೊಳ್ಳುತ್ತೇನೆ. ತೊಳೆಯುವ ಬಗ್ಗೆ ಒಂದು ಮಾತು ಹೇಳಿಬಿಡಿ. ಬೆಳಗ್ಗೆ ಎಂಟಕ್ಕೆ ಬಸ್ ಹಿಡಿಯಬೇಕು, ಒದ್ದೆ ಸಾಮಾನು ಫೈಲಿನ ಜೊತೆ ಇಡಬೇಕಾಗುತ್ತದೆ.


ಜೋಗಿಮಟ್ಟಿ ಗಾಳಿ, ಚಿತ್ರದುರ್ಗ:

ಕಾಫಿ ಇಳಿದ ಕೂಡಲೇ ಬಿಚ್ಚಬೇಡಿ, ಒಳಗೆ ಇನ್ನೂ ಒತ್ತಡ ಇರುತ್ತದೆ, ಬಿಸಿ ಪುಡಿ ಚಿಮ್ಮುತ್ತದೆ. ಒಂದು ನಿಮಿಷ ಬಿಟ್ಟು ನಿಧಾನಕ್ಕೆ ತಿರುಗಿಸಿ. ಬಿಲ್ಲೆಯನ್ನು ಹಳೆಯ ಪೇಪರಿಗೆ ತಟ್ಟಿ, ಬಾಸ್ಕೆಟ್ ತೊಳೆಯಿರಿ. ಫ್ಲಾಸ್ಕಿನಲ್ಲಿ ಉಳಿದ ಬಿಸಿನೀರು ಒಂದು ಸಲ ಪಂಪ್ ಮಾಡಿ ಹೊರಗೆ ಬಿಡಿ. ಬಿಸಿ ಇದ್ದಾಗಲೇ ಹತ್ತಿ ಬಟ್ಟೆಯಲ್ಲಿ ಒರೆಸಿದರೆ ಬೇಗ ಒಣಗುತ್ತದೆ. ಬಸ್ಸಿಗೆ ಹೋಗುವಾಗ ಆ ಬಟ್ಟೆಯಲ್ಲೇ ಸುತ್ತಿ ಫೈಲಿನಿಂದ ಬೇರೆ ಖಾನೆಯಲ್ಲಿ ಇಡಿ. ಸಂಜೆ ರೂಮಿಗೆ ಬಂದ ಮೇಲೆ ಎಲ್ಲಾ ಬಿಚ್ಚಿ ಫ್ಯಾನ್ ಕೆಳಗೆ ಹರಡಿ. ಒದ್ದೆ ಇರುವಾಗ ಅದರ ಗಟ್ಟಿ ಪೆಟ್ಟಿಗೆಯೊಳಗೆ ಮುಚ್ಚಿಟ್ಟರೆ ವಾಸನೆ ಬರುತ್ತದೆ. ಗ್ರೈಂಡರಿಗೆ ಮಾತ್ರ ನೀರು ತಾಗಿಸಬೇಡಿ, ಬ್ರಷ್ ಸಾಕು.

ಗ್ರೈಂಡರ್ ಬಂದ ಮೇಲೆ ಮನೆಯ ಮಷಿನ್ನಿನಲ್ಲೇ ಮೊದಲು ಹದ ಹಿಡಿಯಿರಿ. ಎಷ್ಟು ಕ್ಲಿಕ್ಕಿಗೆ ಎಷ್ಟು ಸೆಕೆಂಡಿನಲ್ಲಿ ಇಳಿಯಿತು ಅಂತ ಇಲ್ಲೇ ಬರೆಯಿರಿ. ಪಿಕೊಪ್ರೆಸ್ಸೊ ಬಂದಾಗ ಅಲ್ಲಿಂದ ಎಷ್ಟು ಆಚೀಚೆ ಹೋಗಬೇಕು ಅಂತ ನೋಡಿ ಹೇಳುತ್ತೇನೆ.